ಪದ ಪರಿಚಯ: ಅಂಕಿತ, ಅಥವಾ ವಚನದಲ್ಲಿ ಬರುವ ಆ ಹೆಸರು ಯಾರದು?

‘ಮಸೂದೆಗೆ ರಾಜ್ಯಪಾಲರ ಅಂಕಿತ’ ಎಂದು ಪತ್ರಿಕೆಯಲ್ಲಿ ಓದಿ ಓದಿ, ಅಂಕಿತ ಅಂದರೆ ಸಹಿ ಎಂಬ ಅರ್ಥ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಶಾಲೆಯ ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಬಾಯಿಪಾಠ ಮಾಡಿದವರಿಗೆ ಅದು ವ್ಯಕ್ತಿಗೋ ಊರಿಗೋ ಇಟ್ಟ ಹೆಸರು. ಎರಡೂ ತಪ್ಪಲ್ಲ. ಸಂಸ್ಕೃತದ ‘ಅಂಕ’ ಎಂದರೆ ಗುರುತು, ‘ಅಂಕಿತ’ ಎಂದರೆ ಗುರುತು ಬಿದ್ದದ್ದು. ಆದರೆ ಈ ಎರಡು ಅರ್ಥಗಳನ್ನಷ್ಟೇ ಹಿಡಿದು ವಚನದ ಮುಂದೆ ಕೂತರೆ ಎಡವುತ್ತೇವೆ. ಸಹಿ ಎಂದುಕೊಂಡವರು ‘ಕೂಡಲಸಂಗಮದೇವಾ’ ಬಂದ ಕೂಡಲೇ ಪತ್ರ ಮುಗಿಯಿತು ಎಂದು ಮಡಚಿಡುತ್ತಾರೆ. ಎಷ್ಟೋ ವಚನಗಳಲ್ಲಿ ಅಸಲು ಮಾತು ಶುರುವಾಗುವುದೇ ಅಲ್ಲಿಂದ.

ಕಲಬುರಗಿಯವರಿಗೆ ಇದನ್ನು ಹೇಳಲು ಒಂದು ಸುಲಭದ ದಾರಿಯಿದೆ. ಇಲ್ಲಿ ಮುಷಾಯಿರಾ, ಅಂದರೆ ಉರ್ದು ಕವಿಗೋಷ್ಠಿ, ಕೇಳಿದವರಿಗೆ ‘ತಖಲ್ಲುಸ್’ ಗೊತ್ತು. ಗಜಲಿನ ಕೊನೆಯ ಶೇರ್‌ನಲ್ಲಿ, ಅಂದರೆ ಮಕ್ತಾದಲ್ಲಿ, ಕವಿ ತನ್ನ ಹೆಸರನ್ನು ತಾನೇ ಸೇರಿಸುತ್ತಾನೆ. ವಚನದ ಅಂಕಿತವೂ ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತದೆ, ಆದರೆ ಹೆಸರು ಬರೆದವರದಲ್ಲ, ಕೇಳುವವನದು. ಬಸವಣ್ಣನವರ ವಚನದಲ್ಲಿ ‘ಬಸವಣ್ಣ’ ಎಂಬ ಸಹಿ ಹುಡುಕಿದರೆ ಸಿಗದು, ಸಿಗುವುದು ಅವರ ಇಷ್ಟದೈವ. ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಮಡಿವಾಳ ಮಾಚಯ್ಯನಿಗೆ ಕಲಿದೇವ. ಅಂಬಿಗರ ಚೌಡಯ್ಯ ಮಾತ್ರ ಈ ಸಾಲಿನಲ್ಲಿ ನಿಲ್ಲುವ ಮನುಷ್ಯನಲ್ಲ. ಅವನ ಅಂಕಿತ ಅವನದೇ ಹೆಸರು, ಅದೂ ಪಕ್ಕದವನೊಬ್ಬ ವರದಿ ಒಪ್ಪಿಸಿದ ಹಾಗೆ: ‘ಎಂದನಂಬಿಗರ ಚೌಡಯ್ಯ.’

ಕಾವ್ಯನಾಮ ಬೇರೆ. ‘ಕುವೆಂಪು’ ಎಂಬುದು ಪುಸ್ತಕದ ಮೇಲಿರುತ್ತದೆ. ಹರಿದಾಸರ ಅಂಕಿತ ವಚನದ ಅಂಕಿತಕ್ಕೆ ಹತ್ತಿರ, ಆದರೆ ಅದನ್ನು ಗುರುವಿನಿಂದ ಪಡೆಯುವ ಪದ್ಧತಿ ಬೆಳೆದಿದೆ. ‘ವಿಠಲ’ ಬಹಳ ಜನರಿಗೆ ಸಮಾನ. ಅದಕ್ಕೆ ಮೊದಲು ಪುರಂದರ, ವಿಜಯ, ಗೋಪಾಲ, ಜಗನ್ನಾಥ ಯಾವುದು ಸೇರಿದೆ ಎಂಬುದರ ಮೇಲೆ ಕೀರ್ತನೆ ಯಾರದೆಂದು ಗೊತ್ತಾಗುತ್ತದೆ.

ಈಗ ಒಂದು ವಚನವನ್ನು ಹತ್ತಿರದಿಂದ ನೋಡೋಣ. ಯಾದಗಿರಿ ಜಿಲ್ಲೆಯ ಮುದನೂರು ದೇವರ ದಾಸಿಮಯ್ಯನ ಊರು, ಅಲ್ಲಿಯ ದೇವರು ರಾಮನಾಥ. ದಾಸಿಮಯ್ಯನ ಅಂಕಿತವೂ ಅದೇ.

ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ,
ಸುಳಿದು ಬೀಸುವ ಗಾಳಿ ನಿಮ್ಮ ದಾನ,
ನಿಮ್ಮ ದಾನವನುಂಡು ಅನ್ಯರ ಹೊಗಳುವ
ಕುನ್ನಿಗಳನೇನೆಂಬೆ ರಾಮನಾಥ.

ಈ ಕೆಲವೇ ಸಾಲುಗಳಲ್ಲಿ ‘ನಿಮ್ಮ’ ನಾಲ್ಕು ಸಲ ಬರುತ್ತದೆ. ಯಾರು ಈ ‘ನೀವು’? ಮೊದಲ ಸಾಲು ಕೇಳಿದವನಿಗೆ ಅದು ರಾಜನೂ ಆಗಬಹುದು. ಭೂಮಿ ದಾನ ಕೊಡುವವರು ರಾಜರೇ, ಶಾಸನಗಳ ತುಂಬ ಅದೇ ಮಾತು. ಬೆಳೆಯ ತನಕವೂ ರಾಜನನ್ನು ನೆನೆಯಬಹುದು. ಗಾಳಿ ಬಂದಾಗ ಅನುಮಾನ ಶುರು. ಯಾವ ರಾಜ ಗಾಳಿ ದಾನ ಕೊಟ್ಟಾನು? ‘ಅನ್ಯರ ಹೊಗಳುವ’ ಎಂಬಲ್ಲಿ ಪಟ್ಟು ತಿರುಗುತ್ತದೆ, ‘ಕುನ್ನಿ’ಯಲ್ಲಿ ಏಟು ಬೀಳುತ್ತದೆ. ಅದು ಬಿದ್ದ ಮೇಲೆ, ಕಟ್ಟಕಡೆಯ ಪದವಾಗಿ, ‘ರಾಮನಾಥ’. ನಾಲ್ಕೂ ‘ನಿಮ್ಮ’ಗಳ ಗಂಟು ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಅಂಕಿತವನ್ನು ಮೊದಲ ಸಾಲಿಗೆ ತಂದು ‘ರಾಮನಾಥ, ಇಳೆ ನಿಮ್ಮ ದಾನ’ ಎಂದು ಓದಿ ನೋಡಿ. ಉಳಿಯುವುದು ಒಂದು ಸಾಧಾರಣ ಪ್ರಾರ್ಥನೆ.

ಹಾಗಾದರೆ ಅಂಕಿತ ಯಾವಾಗಲೂ ಕೊನೆಗೇ ಬರುತ್ತದೆಯೇ? ಇಲ್ಲ. ಪಠ್ಯಪುಸ್ತಕದ ಟಿಪ್ಪಣಿಗಳು ‘ವಚನದ ಕೊನೆಯಲ್ಲಿ ಬರುವ ಇಷ್ಟದೈವದ ಹೆಸರು’ ಎಂದು ವ್ಯಾಖ್ಯೆ ಬರೆಸಿಬಿಡುತ್ತವೆ. ಪರೀಕ್ಷೆಗೆ ಸಾಕು, ಓದಿಗೆ ಸಾಲದು. ಎಲ್ಲರಿಗೂ ಬಾಯಿಗೆ ಬರುವ ‘ಉಳ್ಳವರು ಶಿವಾಲಯವ ಮಾಡುವರು’ ವಚನವನ್ನೇ ತೆಗೆದುಕೊಳ್ಳಿ. ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ’ ಆದ ಮೇಲೆ ‘ಕೂಡಲಸಂಗಮದೇವಾ ಕೇಳಯ್ಯಾ’, ಅದರಾಚೆ ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ.’ ಇಲ್ಲಿ ಅಂಕಿತ ಬಾಗಿಲಿನ ತಿರುಗಣಿ ಇದ್ದಂತೆ. ಅದರ ಈಚೆಗೆ ಬಡವನೊಬ್ಬನ ಸ್ವಂತದ ಅಳಲು: ನಾನು, ನನ್ನ ಕಾಲು, ನನ್ನ ತಲೆ. ಆಚೆಗೆ ‘ನಾನು’ ಇಲ್ಲವೇ ಇಲ್ಲ, ಎಲ್ಲಕ್ಕೂ ಅನ್ವಯಿಸುವ ತೀರ್ಪಿದೆ. ‘ಕೇಳಯ್ಯಾ’ ಎಂದು ದೇವರನ್ನು ನಿಲ್ಲಿಸಿಕೊಂಡು ತೀರ್ಪು ಕೊಡುತ್ತಿರುವವನು ಭಕ್ತ! ‘ಬಡವನಯ್ಯಾ’ ಎಂದು ಕೈಚೆಲ್ಲಿದವನೇ ಅವನು.

ಬಸವ ಜಯಂತಿಯ ವಚನ ಸ್ಪರ್ಧೆಗಳಲ್ಲಿ ಕೆಡುವುದು ಇದೇ ಜಾಗ. ಮಕ್ಕಳು ಅಂಕಿತ ಬಂದ ಕೂಡಲೇ ಕೈಮುಗಿದು, ರಾಗ ಎಳೆದು, ಮುಗಿಸುವ ದನಿಗೆ ಇಳಿದುಬಿಡುತ್ತಾರೆ. ಆಮೇಲೆ ಉಳಿದ ಸಾಲು ಬಸ್ಸು ತಪ್ಪಿದವರಂತೆ ಓಡುತ್ತದೆ. ಕಲಿಸುವವರು ಒಂದು ಮಾತು ಹೇಳಿಕೊಟ್ಟರೆ ಸಾಕು: ಅಂಕಿತದ ಮೇಲೆ ದನಿ ಇಳಿಸಬೇಡ, ಎತ್ತು, ಕ್ಷಣ ನಿಲ್ಲು, ಆಮೇಲೆ ಕೊನೆಯ ಸಾಲನ್ನು ನಿಧಾನಕ್ಕೆ ಹೇಳು.

ಅಂಕಿತಕ್ಕೆ ಯಾವ ವಿಭಕ್ತಿ ಹತ್ತಿದೆ ಎಂಬುದನ್ನೂ ನೋಡಬೇಕು. ಸಂಬೋಧನೆಯೇ ಹೆಚ್ಚು, ಆದರೆ ಅದೊಂದೇ ಅಲ್ಲ. ಅಕ್ಕಮಹಾದೇವಿ ಹಸಿವೆ, ನೀರಡಿಕೆ, ನಿದ್ರೆಗಳನ್ನು ಒಂದೊಂದಾಗಿ ಕರೆದು ‘ನಿಲ್ಲು ನಿಲ್ಲು’ ಎನ್ನುವ ವಚನದಲ್ಲಿ, ತಾನು ಚೆನ್ನಮಲ್ಲಿಕಾರ್ಜುನದೇವರ ಅವಸರದ ಓಲೆ ಒಯ್ಯುತ್ತಿದ್ದೇನೆ ಎನ್ನುತ್ತಾಳೆ. ಇಲ್ಲಿ ಅಂಕಿತಕ್ಕೆ ಷಷ್ಠಿ. ಮಾತು ದೇವರೊಡನೆ ಅಲ್ಲ, ಹಸಿವೆಯೊಡನೆ. ದೇವರು ಓಲೆ ಬರೆದವನು ಮಾತ್ರ. ಇದನ್ನು ಗಮನಿಸದೆ ‘ಅಕ್ಕ ಇಲ್ಲಿ ದೇವರಲ್ಲಿ ಮೊರೆಯಿಡುತ್ತಾಳೆ’ ಎಂದು ಬರೆದ ಗೈಡುಗಳು ಬೇಕಾದಷ್ಟಿವೆ. ಮೊರೆಯಿಲ್ಲ, ತುರ್ತಿನ ಕೆಲಸದ ಮೇಲೆ ಹೊರಟವಳ ಗದರಿಕೆ ಇದೆ.

ಇನ್ನು ಕರ್ತೃ ಯಾರೆಂದು ಗುರುತಿಸುವ ಕೆಲಸ. ಓಲೆಗರಿಯಲ್ಲಿ ಇಂದಿನ ಹಾಗೆ ಸಾಲು ಒಡೆದು, ಪ್ರಶ್ನೆಚಿಹ್ನೆ ಹಾಕಿ ಬರೆಯುತ್ತಿರಲಿಲ್ಲ. ಒಂದರ ಹಿಂದೊಂದು ವಚನ ಸಾಗುವ ಗರಿಯಲ್ಲಿ ಇದು ಯಾರ ಮಾತು ಎಂಬುದಕ್ಕೆ ಅಂಕಿತವೇ ದೊಡ್ಡ ಆಧಾರ. ಹೆಸರು ತಿಳಿಯದ, ಅಂಕಿತದಿಂದ ಮಾತ್ರ ಗುರುತಿಸಲಾಗುವ ವಚನಕಾರರೂ ಇದ್ದಾರೆ. ಹಾಗಾಗಿ ಅಂಕಿತದ ಒಂದು ತುಣುಕು ಜಾರಿದರೂ ವಚನ ಬೇರೆಯವರ ಪಾಲಾಗುತ್ತದೆ. ಕೂಡಲಸಂಗಮದೇವ ಬಸವಣ್ಣ, ನಡುವೆ ‘ಚೆನ್ನ’ ಸೇರಿ ಕೂಡಲಚೆನ್ನಸಂಗಮದೇವ ಆದರೆ ಚೆನ್ನಬಸವಣ್ಣ. ಬರೀ ‘ಮಲ್ಲಿಕಾರ್ಜುನ’ ಕಂಡು ಅಕ್ಕನದು ಎನ್ನಬಾರದು: ಕಪಿಲಸಿದ್ಧಮಲ್ಲಿಕಾರ್ಜುನ ಎಂದಿದ್ದರೆ ಸೊನ್ನಲಿಗೆಯ ಸಿದ್ಧರಾಮ, ನಿಃಕಳಂಕ ಮಲ್ಲಿಕಾರ್ಜುನ ಎಂದಿದ್ದರೆ ಮೋಳಿಗೆ ಮಾರಯ್ಯ. ಬರೀ ‘ರಾಮನಾಥ’ ಕಂಡರೂ ಹಿಂದೆ ಒಂದು ಪದ ನೋಡಿ, ‘ದಾಸಯ್ಯಪ್ರಿಯ’ ಇದ್ದರೆ ಅದು ದಾಸಿಮಯ್ಯನ ಹೆಂಡತಿ ದುಗ್ಗಳೆಯದು. ವಾಟ್ಸಾಪಿನಲ್ಲಿ ಬಂದ ವಚನಕ್ಕೆ ಅಂಕಿತವೇ ಇಲ್ಲದಿದ್ದರೆ ಕೆಳಗೆ ಯಾರ ಫೋಟೊ ಇದ್ದರೂ ನಂಬಬೇಡಿ.

ಅಂಕಿತ ಉದುರಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಸರ್ಕಾರಿ ಕಚೇರಿಗಳ ಗೋಡೆ, ಬಾಗಿಲ ಮೇಲೆಯೇ ಇದೆ. ‘ಕಾಯಕವೇ ಕೈಲಾಸ’ ಎಂದು ಬರೆದು ಕೆಳಗೆ ಬಸವಣ್ಣನವರ ಹೆಸರು ಹಾಕುವುದು ರೂಢಿ. ಆ ಮಾತು ಬಂದಿರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಎದುರಿಗಿದ್ದರೂ ಹಂಗು ಹರಿಯಬೇಕು, ‘ಕಾಯಕವೇ ಕೈಲಾಸವಾದ ಕಾರಣ’ ಎಂದು ಹೇಳಿ, ಕೊನೆಗೆ: ‘ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು.’ ಗುರು, ಲಿಂಗ, ಜಂಗಮ ಮೂರನ್ನೂ ಸಾಲಾಗಿ ಪಕ್ಕಕ್ಕೆ ಸರಿಸಿದವನು ಕಡೆಗೆ ತನ್ನ ಅಂಕಿತದ ದೇವರನ್ನೂ ಬಿಡಲಿಲ್ಲ, ಅವನೂ ಕಾಯಕದ ಒಳಗೇ ಎಂದ. ಬೇರೆ ವಚನಕಾರರಿಗೆ ಅಂಕಿತವೆಂದರೆ ಮಾತನ್ನು ದೇವರಿಗೆ ಒಪ್ಪಿಸುವ ಜಾಗ; ಮಾರಯ್ಯನಿಗೆ ಅದು ವಾದದ ಕೊನೆಯ ಮೆಟ್ಟಿಲು. ಗೋಡೆಯ ಮೇಲೆ ಉಳಿದದ್ದು ಎರಡು ಪದ. ನೌಕರರಿಗೆ ಸರಿಯಾಗಿ ಕೆಲಸ ಮಾಡಿ ಎನ್ನುವ ಸುತ್ತೋಲೆಯಂತೆ ಅದು ಕೇಳುವುದರಲ್ಲಿ ಆಶ್ಚರ್ಯವಿಲ್ಲ.

ಅಂಕಿತವನ್ನು ಬೇಕೆಂದೇ ಬದಲಿಸಿದ್ದೂ ಉಂಟು. ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಮದೇವ’ ತೆಗೆದು ‘ಲಿಂಗದೇವ’ ಎಂದು ಅಚ್ಚು ಹಾಕಿದ ಸಂಕಲನವನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕ ಮುಟ್ಟುಗೋಲು ಸರಿಯೇ ಎಂಬ ಚರ್ಚೆ ಹಾಗಿರಲಿ. ಕಿವಿಗೆ ಆಗುವ ನಷ್ಟವನ್ನು ಮಾತ್ರ ಎಣಿಸಿ: ‘ಕೂಡಲಸಂಗಮದೇವಾ’ ಎಂಟು ಅಕ್ಷರ, ‘ಲಿಂಗದೇವಾ’ ನಾಲ್ಕು. ಉಸಿರು ಅರ್ಧಕ್ಕೆ ಕಡಿಯುತ್ತದೆ. ಕೃಷ್ಣೆ ಮಲಪ್ರಭೆ ಕೂಡುವ ಊರು ಹೆಸರಿನಿಂದ ಬಿದ್ದುಹೋಗುತ್ತದೆ.

ಕಲ್ಯಾಣದ ಕಾಲಕ್ಕೇ ಅಂಕಿತ ನಿಲ್ಲಲಿಲ್ಲ. ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನ ತತ್ವಪದಗಳಲ್ಲಿ ‘ಮಹಾಂತ’ ಬರುತ್ತದೆ. ಭಜನಿ ಮ್ಯಾಳದಲ್ಲಿ ಏಕತಾರಿ ಹಿಡಿದು ಕೂತವರಿಗೆ ಅಂಕಿತದ ನುಡಿ ಒಂದು ಸನ್ನೆಯೂ ಹೌದು: ಪದ ಮುಗಿಯಲಿಕ್ಕೆ ಬಂತು, ಮುಂದಿನವರು ಶ್ರುತಿ ನೋಡಿಕೊಳ್ಳಿ ಎಂದು. ಹೊತ್ತಾಯಿತೆಂದು ನಡುವಿನ ಒಂದು ನುಡಿ ಬಿಟ್ಟರೆ ನಡೆದೀತು. ಅಂಕಿತದ ನುಡಿ ಬಿಟ್ಟರೆ ಪದ ಅನಾಥ.

ಅಂಕಿತದ ಅತ್ಯಂತ ಚುರುಕಾದ ಬಳಕೆ ಮಾತ್ರ, ನನ್ನ ಎಣಿಕೆಯಲ್ಲಿ, ಆಯ್ದಕ್ಕಿ ಲಕ್ಕಮ್ಮನದು. ಗಂಡ ಹೆಂಡತಿ ಇಬ್ಬರೂ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಬಂದವರು. ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದ. ಅವಳು ಕೇಳಿದಳು: ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ. ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ ಮಾರಯ್ಯಾ.’

ಗಂಡನ ಅಂಕಿತ ಅಮರೇಶ್ವರಲಿಂಗ. ಅದಕ್ಕೆ ‘ಮಾರಯ್ಯಪ್ರಿಯ’ ಸೇರಿಸಿ ಅವಳು ತನ್ನದು ಮಾಡಿಕೊಂಡಿದ್ದಾಳೆ, ಹಾಗಾಗಿ ಒಂದೇ ಸಾಲಿನಲ್ಲಿ ಮಾರಯ್ಯ ಎರಡು ಸಲ ಬರುತ್ತಾನೆ. ಮೊದಲನೆಯವನು ದೇವರ ಹೆಸರಿಗೆ ಅಂಟಿಕೊಂಡ ಶರಣ. ಎರಡನೆಯವನು ಹೆಚ್ಚಿನ ಅಕ್ಕಿ ಹೊತ್ತು ಬಾಗಿಲಲ್ಲಿ ನಿಂತವನು. ನಡುವೆ ಇರುವುದು ‘ದೂರ’ ಎಂಬ ಒಂದು ಪದ. ಗಟ್ಟಿಯಾಗಿ ಓದುವಾಗ ಎರಡೂ ಮಾರಯ್ಯಗಳಿಗೆ ಒಂದೇ ದನಿ ಕೊಡಬೇಡಿ. ಮೊದಲನೆಯದನ್ನು ದೇವರ ಹೆಸರಿನ ಜೊತೆಗೆ ಸೇರಿಸಿ ಹೇಳಿ, ಎರಡನೆಯದನ್ನು ಮನೆಯಲ್ಲಿ ಕರೆಯುವ ಹಾಗೆ ಕರೆಯಿರಿ.