ಕಿತ್ತ ಮೇಲೂ ಉಸಿರಾಡುವ ಬಟಾಣಿ

ಪುಣೆಯ ಕೋಥರೂಡದಲ್ಲಿ ನಾವು ಐದಾರು ಕನ್ನಡ ಮನೆಯವರು ಸೇರಿ ಪುರಂದರ ತಾಲೂಕಿನ ಒಬ್ಬ ರೈತರಿಗೆ ಸೀಸನ್‌ಗೆ ಮುಂಚೆಯೇ ದುಡ್ಡು ಕೊಟ್ಟಿರುತ್ತೇವೆ. ಹೊಲದಲ್ಲಿ ಏನು ಬೆಳೆಯುತ್ತದೋ ಅದರ ಪಾಲು ವಾರಕ್ಕೊಮ್ಮೆ ಮನೆಗೆ ಬರುತ್ತದೆ. ಈ ವಾರ ಹಸಿ ಬಟಾಣಿ. ಬೆಳಿಗ್ಗೆ ಕಿತ್ತದ್ದು, ಮಧ್ಯಾಹ್ನ ನಮ್ಮ ಮೊರದಲ್ಲಿ. ಸುಲಿಯುತ್ತಾ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ ಪಕ್ಕದ ಮನೆ ಕಾಕು, "ಇದಕ್ಕ ಸಕ್ಕರಿ ನೀರಿನ ಇಂಜೆಕ್ಷನ್ ಕೊಟ್ಟಾರೇನು?" ಎಂದರು.

ಈ ಇಂಜೆಕ್ಷನ್ ಮಾತು ಕೇಳಿದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಒಂದೊಂದೇ ಕಾಯಿಗೆ ಸೂಜಿ ಚುಚ್ಚುತ್ತಾ ಕೂರಲು ಯಾವ ರೈತನಿಗೆ ಪುರುಸೊತ್ತಿದೆ? ಸಿಹಿ ಬಟಾಣಿಯದೇ. ಮಾರ್ಕೆಟ್ ಬಟಾಣಿಯ ಸಿಹಿ ಎಲ್ಲಿ ಹೋಯಿತು ಎಂದು ಕೇಳಬೇಕು.

ಕಿತ್ತ ಕೂಡಲೇ ಕಾಯಿ ಸಾಯುವುದಿಲ್ಲ. ಆಮ್ಲಜನಕ ಎಳೆದುಕೊಂಡು ಸಕ್ಕರೆ ಸುಡುತ್ತಲೇ ಇರುತ್ತದೆ. ಬಟಾಣಿ ತುಂಬಿದ ಗೋಣಿಚೀಲದ ನಡುವೆ ಕೈ ತೂರಿಸಿ ನೋಡಿ, ಬೆಚ್ಚಗಿರುತ್ತದೆ. ಅದು ಕಾಳಿನ ಉಸಿರಿನ ಬಿಸಿ. ಮಿಕ್ಕ ಸಕ್ಕರೆಯನ್ನು ಕಾಳು ಪಿಷ್ಟ ಮಾಡಿಕೊಳ್ಳುತ್ತದೆ. ಸಕ್ಕರೆ ಜೇಬಿನ ಚಿಲ್ಲರೆ, ಪಿಷ್ಟ ಬ್ಯಾಂಕಿನ ಠೇವಣಿ. ಅಥವಾ ನಮ್ಮ ಬಿಜಾಪುರ ಕಡೆಯ ಹಗೇವು ನೆನಪಿಸಿಕೊಳ್ಳಿ: ಬರಗಾಲಕ್ಕೆಂದು ಜೋಳವನ್ನು ನೆಲದೊಳಗೆ ಮುಚ್ಚಿಡುತ್ತಿದ್ದರಲ್ಲ, ಹಾಗೆ ಬೀಜವೂ ಮೊಳಕೆಯೊಡೆಯುವ ದಿನಕ್ಕೆಂದು ಸಕ್ಕರೆಯನ್ನು ಮಣಿಗಳಂತೆ ಪೋಣಿಸಿ ಕಟ್ಟಿಡುತ್ತದೆ. ಆ ಸರ ನಾಲಿಗೆಗೆ ಸಿಹಿಯಲ್ಲ.

ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ದುಂಡು ಕಾಳು, ಸುಕ್ಕು ಕಾಳು ಎಂದು ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಸುಕ್ಕು ಯಾಕೆ ಎಂದು ಮಾತ್ರ ನಮಗೆ ಯಾರೂ ಹೇಳಲಿಲ್ಲ. ಅದು ಗೊತ್ತಾದದ್ದೇ 1990ರಲ್ಲಿ. ಪಿಷ್ಟಕ್ಕೆ ಕವಲು ಕೂಡಿಸುವ ಕಿಣ್ವ (ಎಂಜೈಮ್) ಒಂದಿದೆ, ಸುಕ್ಕು ಕಾಳಿನಲ್ಲಿ ಅದರ ಜೀನ್ ನಡುವೆ ಡಿಎನ್‌ಎಯ ಬೇರೊಂದು ತುಂಡು ಬಂದು ಕೂತಿದೆ. ಠೇವಣಿ ಕೌಂಟರ್ ಅರ್ಧ ಮುಚ್ಚಿದಂತಾಯಿತು. ಸಕ್ಕರೆ ಹಾಗೇ ಉಳಿಯುತ್ತದೆ, ಅದು ನೀರನ್ನು ಎಳೆಯುತ್ತದೆ, ಕಾಳು ಉಬ್ಬುತ್ತದೆ, ಒಣಗಿದಾಗ ನೀರೆಲ್ಲ ಹೋಗಿ ಸಿಪ್ಪೆ ಮುದುಡುತ್ತದೆ. ಎಂಥ ಚೆಂದದ ವಿಷಯ! ಹಸಿಯಾಗಿ ತಿನ್ನುವ ಸಿಹಿ ತಳಿಗಳಲ್ಲಿ ಜಾಸ್ತಿ ಈ ಸುಕ್ಕಿನವೇ. ಚಾಟ್ ಅಂಗಡಿಯ ರಗಡಾಕ್ಕೆ ಹಾಕುವ ಬಿಳಿ ಬಟಾಣಿ ನುಣ್ಣಗೆ ದುಂಡಗಿರುತ್ತದೆ, ಹಿಟ್ಟು ಜಾಸ್ತಿ, ಅದಕ್ಕೇ ರಗಡಾ ಅಷ್ಟು ಮಂದ.

"ಫ್ರಿಜ್‌ನಲ್ಲಿಟ್ಟರೆ ಸತ್ವ ಹೋಗುತ್ತದೆ" ಎಂದು ಬಟಾಣಿಯನ್ನು ಹೊರಗಿಡುವವರಿದ್ದಾರೆ. ಹಾಗೆ ಹೊರಗಿಡಬೇಡಿ. 10 ಡಿಗ್ರಿ ಬಿಸಿ ಏರಿದರೆ ಉಸಿರಾಟ ಸುಮಾರು ಎರಡು ಮೂರು ಪಟ್ಟಾಗುತ್ತದೆ, ಸಿಹಿಯೂ ಅಷ್ಟೇ ಬೇಗ ಖರ್ಚು. ಸುಲಿಯದೆ, ಸಿಪ್ಪೆಸಮೇತ ಒಳಗಿಡಿ. ತಿಂಗಳುಗಟ್ಟಲೆ ಬೇಕಿದ್ದರೆ ಸುಲಿದು ಕುದಿಯುವ ನೀರಲ್ಲಿ ಎರಡು ನಿಮಿಷ ಹಾಕಿ ತೆಗೆದು, ತಣ್ಣೀರಿನಲ್ಲಿ ಆರಿಸಿ ಫ್ರೀಜರ್‌ಗೆ. ಕುದಿಗೆ ಕಿಣ್ವಗಳು ಕೆಲಸ ನಿಲ್ಲಿಸಿರುತ್ತವೆ.

ನಮ್ಮ ಮನೆಯಲ್ಲಿ ಪಾಲು ಬಂದ ಸಂಜೆಯೇ ಬಟಾಣಿ ಉಪ್ಪಿಟ್ಟು. ಎಸರು ಕುದಿಯುವಾಗ ಕಾಳು ಹಾಕಿದರೆ ಸಾಕು. ಮೂರನೇ ದಿನಕ್ಕೆ ಉಳಿದದ್ದು ಇಲ್ಲಿನ ಕಾಳಿನ ಸಾರಿನಂಥ ಉಸಳ್‌ಗೆ: ಒಂದು ಹಿಡಿ ಅರೆದು ಬೆರೆಸಿದರೆ ರಸ ತಾನಾಗಿ ಮಂದವಾಗುತ್ತದೆ. ಆಗ ಒಂದು ಚೂರು ಬೆಲ್ಲ ಹಾಕಬೇಕಾಗುತ್ತದೆ, ಮೊದಲ ದಿನ ಬೇಕಿರಲಿಲ್ಲ.