ಬರವಣಿಗೆಗೆ ಪದವಿ ಅಳತೆಗೋಲಾದ ಬಗೆ

ಲೇಖಕರ ಯೋಗ್ಯತೆಯನ್ನು ಪದವಿಯಿಂದ ಅಳೆಯಬೇಕೇ, ಅನುಭವದಿಂದ ಅಳೆಯಬೇಕೇ ಎಂಬ ಚರ್ಚೆ ಬಹಳ ಹಳೆಯದೆಂಬಂತೆ ಕಂಡರೂ ಕನ್ನಡದ ಮಟ್ಟಿಗೆ ಅದಕ್ಕೆ ಸುಮಾರು ಒಂದು ಶತಮಾನದ ವಯಸ್ಸಷ್ಟೇ ಆಗಿದೆ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾದರೂ ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು 1927ರಲ್ಲಿ. ಕುವೆಂಪು ಆ ತರಗತಿಯಲ್ಲಿ ಓದಿ 1929ರಲ್ಲಿ ಹೊರಬಂದರು. ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಬಿ.ಎಂ. ಶ್ರೀಕಂಠಯ್ಯನವರಾದರೋ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು.

ಅದಕ್ಕೂ ಹಿಂದಿನವರು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿಕೊಂಡಿದ್ದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಈ ನಾಡಿನ ಜನರನ್ನು 'ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್', ಅಂದರೆ ಓದಿ ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ನುರಿತವರು, ಎಂದು ಹೊಗಳಿತು. ಆದರೆ ಈ ಸಾಲನ್ನು ಓದೇ ಬೇಡ ಎನ್ನುವವರ ಪರವಾದ ಸಾಕ್ಷಿಯಾಗಿ ಬಳಸುವುದು ಸರಿಯಲ್ಲ, ಏಕೆಂದರೆ ಆ ಗ್ರಂಥವೇ ಕಾವ್ಯದ ಗುಣದೋಷಗಳನ್ನು ಕಲಿಸಲು ಹುಟ್ಟಿದ್ದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಮಮ್ಮಟ ಇನ್ನೂ ಸ್ಪಷ್ಟವಾಗಿ, ಹುಟ್ಟಿನಿಂದ ಬಂದ ಶಕ್ತಿ, ಲೋಕ, ಶಾಸ್ತ್ರ, ಕಾವ್ಯಗಳನ್ನು ಗಮನಿಸಿ ಪಡೆದ ನಿಪುಣತೆ, ಬಲ್ಲವರಿಂದ ಕಲಿತು ಮಾಡಿದ ಅಭ್ಯಾಸ, ಈ ಮೂರೂ ಕೂಡಿಯೇ ಕಾವ್ಯಕ್ಕೆ ಕಾರಣವಾಗುತ್ತವೆ ಎಂದ. ಲೋಕದ ತಿಳಿವನ್ನೂ ಶಾಸ್ತ್ರದ ತಿಳಿವನ್ನೂ ಅವನು ಒಂದೇ ನಿಪುಣತೆಯೊಳಗೆ ಸೇರಿಸಿದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉಡುಪಿಯ ಕಡೆ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನವರು ತಮ್ಮದೇ ಕೃತಿಗಳನ್ನು ಹಳೆಯ ಕವಿಯೊಬ್ಬನ ರಚನೆಗಳೆಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳುಹಿಸಿದರು. ವಿದ್ವಾಂಸರು ಅವನ್ನು ಪ್ರಾಚೀನ ಕಾವ್ಯವೆಂದೇ ನಂಬಿ ಅಚ್ಚು ಹಾಕಿಸಿದರು. ಮುದ್ದಣನೆಂಬ ಹೆಸರಿನ ಹಿಂದೆ ಇದ್ದವರು ಯಾರೆಂದು ನಾಡಿಗೆ ತಿಳಿಯುವ ಹೊತ್ತಿಗೆ ಅವರು ಕ್ಷಯರೋಗಕ್ಕೆ ಬಲಿಯಾಗಿದ್ದರು. ಹೆಸರು, ಹುದ್ದೆ ಯಾವುದೂ ಕಣ್ಣಿಗೆ ಬೀಳದೆ ಬರೆದ ಪುಟವೊಂದೇ ಓದುಗರ ಮುಂದಿದ್ದಾಗ ತೀರ್ಪು ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮ್ಮಲ್ಲಿ ನಡೆದಿಲ್ಲ.

ಪದವಿಯು ಉದ್ಯೋಗಕ್ಕೆ ಕಡ್ಡಾಯವಾದ ಮೇಲೆ ಕೆಲಸದ ಅರ್ಹತೆ, ಬರವಣಿಗೆಯ ಅರ್ಹತೆ ಎರಡೂ ಬೆರೆತುಹೋದವು. ಬೇಂದ್ರೆಯವರ 'ಗರಿ' ಕವನ ಸಂಕಲನ 1932ರಲ್ಲಿ ಬಂತು. 'ನರಬಲಿ' ಕವಿತೆಗಾಗಿ ಸೆರೆವಾಸ ಕಂಡು ನೆಲೆಯಾದ ಕೆಲಸವಿಲ್ಲದೆ ಕಷ್ಟಪಟ್ಟ ಅವರು 1935ರಲ್ಲಿ ಎಂ.ಎ. ಮುಗಿಸಿ, 1944ರಲ್ಲಿ ಸೊಲ್ಲಾಪುರದ ಕಾಲೇಜು ಸೇರಿದರು. ಅವರು ಕವಿಯಾಗಿ ಹೆಸರಾದ ಮೇಲೆ ಬಂದ ಆ ಎಂ.ಎ. ಅಧ್ಯಾಪಕ ವೃತ್ತಿಗೆ ನೆರವಾಯಿತೇ ಹೊರತು ಕಾವ್ಯಕ್ಕೆ ಮೂಲವಾಗಲಿಲ್ಲ. ಶಿವರಾಮ ಕಾರಂತರಂತೂ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನೇ ಬಿಟ್ಟವರು. ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟದ್ದು ಕಾದಂಬರಿಯಲ್ಲ, 'ಯಕ್ಷಗಾನ ಬಯಲಾಟ' ಎಂಬ ಸಂಶೋಧನಾ ಗ್ರಂಥ. ಭಾಗವತರ ಹಾಡುಗಾರಿಕೆ, ವೇಷ, ಕುಣಿತ, ಹಳೆಯ ಪ್ರಸಂಗಗಳ ಪ್ರತಿಗಳನ್ನು ತಾವೇ ಹುಡುಕಿ ನೋಡಿದವರ ಕೆಲಸ ಅದು. ಇಂದು ಅವರ ಹೆಸರಿನ ಹಿಂದೆ ನಾವು ಬರೆಯುವ 'ಡಾ.' ಗೌರವ ಡಾಕ್ಟರೇಟಿನದು.

ಹಾಗೆಂದು ವಿಶ್ವವಿದ್ಯಾಲಯದ ಓದು ಬರಹವನ್ನು ಒಣಗಿಸುತ್ತದೆ ಎಂಬ ಮಾತನ್ನೂ ಒಪ್ಪಲಾಗದು. ಅನಂತಮೂರ್ತಿಯವರು 'ಸಂಸ್ಕಾರ'ವನ್ನು ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದಾಗಲೇ. ಆ ಕಾದಂಬರಿಗೆ ಮಲೆನಾಡಿನ ಅಗ್ರಹಾರದ ಒಳಪರಿಚಯ ಎಷ್ಟು ಬೇಕಿತ್ತೋ, ಅದನ್ನು ದೂರ ನಿಂತು ನೋಡುವ ಓದೂ ಅಷ್ಟೇ ಬೇಕಿತ್ತು.

2022ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಮಾರ್ಗಸೂಚಿ ಹೊರಡಿಸಿ, ಸಾಹಿತ್ಯವೂ ಸೇರಿದಂತೆ ಹಲವು ಕ್ಷೇತ್ರಗಳಲ್ಲಿ 15 ವರ್ಷ ದುಡಿದ ಪರಿಣತರು ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಬೋಧಿಸಲು ಇದ್ದ ಪದವಿಯ ಷರತ್ತನ್ನು ಸಡಿಲಿಸಿತು. ಇಂಥವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇ. 10ನ್ನು ಮೀರುವಂತಿಲ್ಲ, ಅವಧಿಯೂ ಗರಿಷ್ಠ 4 ವರ್ಷ. ಇದು ಸ್ವಾಗತಾರ್ಹ ಹೆಜ್ಜೆಯೇ. ಆದರೆ ಪ್ರಮಾಣಪತ್ರ ನೋಡುತ್ತಿದ್ದ ಕಡೆ ವರ್ಷಗಳನ್ನು ಎಣಿಸಿದರೆ ಅದೇ ತಪ್ಪು ಮುಂದುವರಿಯುತ್ತದೆ. ಲೇಖಕರನ್ನು ಆರಿಸಲು ಕೂರುವ ಸಮಿತಿ ಅವರ ಬರಹವನ್ನು ಮೊದಲೇ ತರಿಸಿಕೊಂಡು, ಸಾಧ್ಯವಾದರೆ ಹೆಸರು ಮುಚ್ಚಿ ಓದಿ, ಓದಿದ್ದರ ಮೇಲೆ ಲಿಖಿತ ಅಭಿಪ್ರಾಯ ಕೊಡುವುದನ್ನು ನಿಯಮವಾಗಿಸಬೇಕು.