ಬಾಡಿಗೆ ಸೈಕಲ್ ಯೋಜನೆ ದೊಡ್ಡ ನಗರದಲ್ಲಿ ಗೆಲ್ಲುತ್ತಾ? ಪ್ಯಾರಿಸ್ ಇಟ್ಟುಕೊಂಡು ಒಂದು ಅಧ್ಯಯನ ಟಿಪ್ಪಣಿ

ನಗರ ಸಾರಿಗೆ ಓದುವವರಿಗೆ ಇದು ತಪ್ಪದೆ ಎದುರಾಗುವ ಪ್ರಶ್ನೆ. ಉತ್ತರ ಬರೆಯುವಾಗ ನಾವೆಲ್ಲ ಮಾಡುವುದು ಒಂದೇ: ಹೊಗೆ ಕಡಿಮೆಯಾಗುತ್ತದೆ, ಆರೋಗ್ಯ ಸುಧಾರಿಸುತ್ತದೆ, ಪೆಟ್ರೋಲ್ ಉಳಿಯುತ್ತದೆ ಅಂತ ಅರ್ಧ ಪುಟ ತುಂಬಿಸುವುದು. ಇವೆಲ್ಲ ಸೈಕಲ್ಲಿನ ಗುಣಗಳು. ನಿಮ್ಮ ಮನೆಯ ಸೈಕಲ್ಲಿಗೂ ಇವು ಇವೆ. ಕೇಳಿರುವುದು ಬಾಡಿಗೆ ಯೋಜನೆಯ ಬಗ್ಗೆ. ಪ್ಯಾರಿಸ್‌ನ ಯೋಜನೆ 2007ರಿಂದ ನಡೆಯುತ್ತಿದೆ. ಮೆಲ್ಬರ್ನ್‌ನದು ಒಂಬತ್ತು ವರ್ಷ ಎಳೆದಾಡಿ 2019ರಲ್ಲಿ ಮುಚ್ಚಿತು. ಸಿಯಾಟಲ್‌ನ ಪ್ರಾಂಟೊ ಮೂರು ವರ್ಷವೂ ತುಂಬದೆ 2017ರಲ್ಲಿ ನಿಂತಿತು. ವ್ಯತ್ಯಾಸ ಎಲ್ಲಿದೆ ಅಂತ ಹುಡುಕಬೇಕು.

ನನಗೆ ಅರ್ಥವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಟಿ ಬಸ್ಸಿನ ಹಾಗೆ ಇದನ್ನೂ ಸಾರ್ವಜನಿಕ ಸಾರಿಗೆ ಅಂತ ಒಪ್ಪಿಕೊಂಡು, ದುಡ್ಡು ಹಾಕಿ ನಡೆಸಿದ ಊರುಗಳಲ್ಲಿ ಯೋಜನೆ ಉಳಿಯುತ್ತದೆ. ಸೈಕಲ್ ತಂದು ನಿಲ್ಲಿಸಿ, ಮಿಕ್ಕದ್ದು ತಾನೇ ಆಗುತ್ತದೆ ಅಂತ ಬಿಟ್ಟ ಊರುಗಳಲ್ಲಿ ಸಾಯುತ್ತದೆ. ಉಳಿದ ಟಿಪ್ಪಣಿಯೆಲ್ಲ ಇದಕ್ಕೆ ಆಧಾರ.

ಇತಿಹಾಸವನ್ನು ಚುಟುಕಾಗಿ ನೋಡೋಣ. 1965ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಪ್ರೊವೊ ಎಂಬ ಯುವಕರ ಗುಂಪು ಸೈಕಲ್‌ಗಳಿಗೆ ಬಿಳಿ ಬಣ್ಣ ಬಳಿದು, ಬೀಗ ಹಾಕದೆ ಬೀದಿಯಲ್ಲಿ ಬಿಟ್ಟಿತು. ಯಾರು ಬೇಕಾದರೂ ಓಡಿಸಬಹುದು, ದುಡ್ಡಿಲ್ಲ. ಬೀಗವಿಲ್ಲದ ಸೈಕಲ್ ಕಾನೂನಿಗೆ ವಿರುದ್ಧ ಅಂತ ಪೊಲೀಸರು ಎತ್ತಿಕೊಂಡು ಹೋದರು. 1995ರಲ್ಲಿ ಕೋಪನ್‌ಹೇಗನ್ ನಾಣ್ಯ ಹಾಕಿ ಬಿಡಿಸಿಕೊಳ್ಳುವ ಸೈಕಲ್ ತಂದಿತು. ವಾಪಸ್ ಇಟ್ಟರೆ ನಾಣ್ಯ ವಾಪಸ್. ಆದರೆ ಒಯ್ದವರು ಯಾರು ಅಂತ ಗೊತ್ತಾಗುತ್ತಿರಲಿಲ್ಲ. 1998ರಲ್ಲಿ ಫ್ರಾನ್ಸ್‌ನ ರೆನ್ ನಗರ ಸ್ಮಾರ್ಟ್ ಕಾರ್ಡ್ ಬಳಸಿದ ಮೇಲೆ ಈ ತೊಡಕು ಬಿಡಿಸಿಕೊಂಡಿತು. ಸೈಕಲ್ ಯಾರ ಕೈಯಲ್ಲಿದೆ, ಯಾವಾಗ ತೆಗೆದರು ಎಲ್ಲವೂ ದಾಖಲಾಗತೊಡಗಿತು. 2005ರಲ್ಲಿ ಲಿಯೋನ್ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿತು. 2007ರ ಜುಲೈ 15ರಂದು ಪ್ಯಾರಿಸ್‌ನಲ್ಲಿ ವೆಲಿಬ್ ಎಂಬ ಬಾಡಿಗೆ ಸೈಕಲ್ ಯೋಜನೆ ಶುರುವಾಯಿತು.

ವೆಲಿಬ್‌ನ ಒಪ್ಪಂದ ಸ್ವಲ್ಪ ವಿಚಿತ್ರ, ಅದಕ್ಕೇ ಗಮನ ಇಟ್ಟು ಓದಿ. ನಡೆಸಿದ್ದು ಜೆಸಿಡೆಕೊ ಎಂಬ ಜಾಹೀರಾತು ಕಂಪನಿ. ಸೈಕಲ್, ನಿಲ್ದಾಣ, ರಿಪೇರಿ ಎಲ್ಲ ಅವರದೇ. ಬದಲಿಗೆ ನಗರದ 1,628 ಜಾಹೀರಾತು ಫಲಕಗಳ ಹಕ್ಕು ಅವರಿಗೆ ಸಿಕ್ಕಿತು. ವರ್ಷದ ಚಂದಾ 29 ಯೂರೋ. ಪ್ರತಿ ಸವಾರಿಯ ಮೊದಲ ಅರ್ಧ ಗಂಟೆ ಪುಕ್ಕಟೆ. ಮುಂದಿನ ಅರ್ಧ ಗಂಟೆಗೆ 1 ಯೂರೋ, ಅದರ ನಂತರದ್ದಕ್ಕೆ 2, ಆಮೇಲೆ 4. ಈ ಏರಿಕೆಯ ಹಿಂದೆ ಉಪಾಯವಿದೆ. ಜನ ಸೈಕಲ್ಲನ್ನು ಇಡೀ ದಿನ ಇಟ್ಟುಕೊಳ್ಳಬಾರದು, ಬೇಗ ಬಿಟ್ಟು ಇನ್ನೊಬ್ಬರಿಗೆ ಕೊಡಬೇಕು. ಬಾಡಿಗೆ ಅಂಗಡಿಯವನಿಗೆ ನೀವು ಜಾಸ್ತಿ ಹೊತ್ತು ಇಟ್ಟುಕೊಂಡರೆ ಲಾಭ. ಇಲ್ಲಿ ಲೆಕ್ಕ ತಿರುವುಮುರುವು.

ಈಗ ನಿಲ್ದಾಣಗಳ ದಟ್ಟಣೆಗೆ ಬರೋಣ. ಪರೀಕ್ಷೆಯಲ್ಲಿ ಅಂಕ ತರುವ ಭಾಗ ಇದೇ ಅಂತ ನನ್ನ ಅನಿಸಿಕೆ. ಐಟಿಡಿಪಿ ಎಂಬ ಸಾರಿಗೆ ಸಂಸ್ಥೆಯ 2013ರ ಮಾರ್ಗದರ್ಶಿಯ ಪ್ರಕಾರ ಒಂದು ಚದರ ಕಿ.ಮೀ.ಗೆ 10ರಿಂದ 16 ನಿಲ್ದಾಣ ಬೇಕು. ಅಂದರೆ ಹೆಚ್ಚುಕಡಿಮೆ 300 ಮೀಟರಿಗೊಂದು. ಇಷ್ಟು ಹತ್ತಿರ ಯಾಕೆ? ಹತ್ತು ನಿಮಿಷ ನಡೆದು ಹೋಗಿ ಸೈಕಲ್ ಹಿಡಿಯುವ ವ್ಯವಧಾನ ಯಾರಿಗೂ ಇರುವುದಿಲ್ಲ, ಅದು ಒಂದು. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ನೀವು ತಲುಪಿದ ನಿಲ್ದಾಣ ಭರ್ತಿಯಾಗಿದ್ದರೆ ಸೈಕಲ್ ಬಿಡಲು ಜಾಗವಿಲ್ಲ, ಮೀಟರ್ ಓಡುತ್ತಲೇ ಇರುತ್ತದೆ. ಆಗ ಪಕ್ಕದ ನಿಲ್ದಾಣ ಕಣ್ಣಳತೆಯಲ್ಲಿ ಇರಬೇಕು. ಪ್ಯಾರಿಸ್ ನಗರದ ವಿಸ್ತಾರ ಸುಮಾರು 105 ಚದರ ಕಿ.ಮೀ. ಅದರೊಳಗೆ ವೆಲಿಬ್‌ಗೆ ಸುಮಾರು 1,200 ನಿಲ್ದಾಣಗಳಿದ್ದವು. ಭಾಗಿಸಿ ನೋಡಿ, 11ರ ಮೇಲೆ ಬರುತ್ತದೆ. ಮೆಲ್ಬರ್ನ್, ಸಿಯಾಟಲ್ ಎರಡೂ ಕಡೆ ನಿಲ್ದಾಣಗಳು ಐವತ್ತರ ಆಸುಪಾಸು. ಅದರ ಮೇಲೆ ಆಗ ಹೆಲ್ಮೆಟ್ ಕಡ್ಡಾಯವಾಗಿತ್ತು. ಮನೆಯಿಂದ ಹೆಲ್ಮೆಟ್ ಹೊತ್ತುಕೊಂಡು ಹೊರಡಬೇಕೆಂದರೆ, ದಾರಿಯಲ್ಲಿ ಕಂಡ ಸೈಕಲ್ ಹತ್ತಿ ಹೋಗುವ ಮಜಾನೇ ಇಲ್ಲ. ಮೆಲ್ಬರ್ನ್‌ನವರು 5 ಡಾಲರಿಗೆ ಹೆಲ್ಮೆಟ್ ಮಾರಿ ನೋಡಿದರು, ಅದೂ ಸಾಲಲಿಲ್ಲ.

ದಟ್ಟಣೆ ಸರಿ ಇದ್ದರೂ ಇನ್ನೊಂದು ತಲೆನೋವು ಇದೆ. ಬೆಳಿಗ್ಗೆ ಎಲ್ಲರೂ ಮನೆ ಕಡೆಯಿಂದ ಆಫೀಸ್ ಕಡೆ ಹೋಗುತ್ತಾರೆ. ಒಂಬತ್ತು ಗಂಟೆಗೆ ಬಡಾವಣೆಯ ನಿಲ್ದಾಣ ಖಾಲಿ, ಆಫೀಸ್ ಹತ್ತಿರದ್ದು ತುಂಬಿ ತುಳುಕುತ್ತದೆ. ಪ್ಯಾರಿಸ್‌ನ ಮೊಂಮಾರ್ಟ್ರ್‌ನಂಥ ಗುಡ್ಡದ ಪ್ರದೇಶದಲ್ಲಿ ಇದು ಇನ್ನೂ ಜೋರು. ವೆಲಿಬ್ ಸೈಕಲ್ ಇಪ್ಪತ್ತು ಕಿಲೋಗೂ ಮೀರಿದ ಭಾರ. ಇಳಿಜಾರಿನಲ್ಲಿ ಸುಯ್ಯನೆ ಇಳಿಯುವವರು ಹತ್ತುವಾಗ ಮೆಟ್ರೋ ಹಿಡಿಯುತ್ತಾರೆ. ಹಾಗಾಗಿ ಸೈಕಲ್‌ಗಳನ್ನು ಲಾರಿಯಲ್ಲಿ ತುಂಬಿ ಮೇಲಕ್ಕೆ ಸಾಗಿಸಬೇಕು. ಹೊಗೆ ಕಡಿಮೆ ಮಾಡುವ ಯೋಜನೆಗೆ ಲಾರಿ! ಈ ಓಡಾಟದ ಖರ್ಚು ಸಣ್ಣದಲ್ಲ. ಅದಕ್ಕೆ ಪ್ಯಾರಿಸ್ ಒಂದು ಆಸೆ ತೋರಿಸಿತು: ಎತ್ತರದ ನಿಲ್ದಾಣಗಳಿಗೆ ಸೈಕಲ್ ಒಯ್ದು ಬಿಟ್ಟರೆ 15 ನಿಮಿಷ ಹೆಚ್ಚುವರಿ ಪುಕ್ಕಟೆ. ನ್ಯೂಯಾರ್ಕ್‌ನ ಸಿಟಿ ಬೈಕ್ ಇದನ್ನೇ ಮುಂದುವರಿಸಿ, ತುಂಬಿದ ನಿಲ್ದಾಣದಿಂದ ಖಾಲಿ ನಿಲ್ದಾಣಕ್ಕೆ ಒಯ್ಯುವ ಸವಾರರಿಗೆ ಅಂಕ ಕೊಡುವ ಪದ್ಧತಿ ತಂದಿತು. ಸವಾರರಿಂದಲೇ ಲಾರಿಯ ಕೆಲಸ ಮಾಡಿಸುವ ಜಾಣತನ ಅಲ್ವಾ?

ಹಾಗಂತ ಪ್ಯಾರಿಸ್ ಸುಸೂತ್ರವಾಗಿ ನಡೆಯಿತು ಅಂದುಕೊಳ್ಳಬೇಡಿ. 2009ರ ಹೊತ್ತಿಗೆ, ಮೊದಲು ತಂದ 20,600 ಸೈಕಲ್‌ಗಳಲ್ಲಿ ಶೇ. 80ರಷ್ಟು ಕಳುವಾಗಿದ್ದವು ಅಥವಾ ಹಾಳಾಗಿದ್ದವು ಎಂಬ ವರದಿ ಬಂತು. ಕೊನೆಗೆ ಕಳುವಿನ ನಷ್ಟದಲ್ಲಿ ಪಾಲು ಹೊರಲು ನಗರ ಒಪ್ಪಿತು. 2018ರ ಜನವರಿಯಲ್ಲಿ ಗುತ್ತಿಗೆ ಸ್ಮೊವೆಂಗೊ ಎಂಬ ಬೇರೆ ಸಂಸ್ಥೆಗೆ ಹೋದಾಗ ಅದಕ್ಕಿಂತ ದೊಡ್ಡ ಅವಾಂತರ. ಮೊದಲ ದಿನಕ್ಕೆ 600 ನಿಲ್ದಾಣ ಸಿದ್ಧವಿರುತ್ತವೆ ಅಂದಿದ್ದರು, ನೂರೂ ಸಿದ್ಧವಿರಲಿಲ್ಲ. ಹಲವು ನಿಲ್ದಾಣಗಳಿಗೆ ಕರೆಂಟೇ ಬಂದಿರಲಿಲ್ಲ. ಖಾಸಗಿ ಆ್ಯಪ್ ಕಂಪನಿ ಆಗಿದ್ದರೆ ಆ ವರ್ಷವೇ ಬಾಗಿಲು ಹಾಕುತ್ತಿತ್ತು. ಇಲ್ಲಿ ಹಿಂದೆ ನಗರ ನಿಂತಿತ್ತು, ಹಾಗಾಗಿ ಬದುಕಿತು. ಈಗ ವೆಲಿಬ್‌ನಲ್ಲಿ ವಿದ್ಯುತ್ ಸೈಕಲ್‌ಗಳೂ ಸೇರಿವೆ. ಮೇಯರ್ ಆನ್ ಇಡಾಲ್ಗೊ ಅವರ ಕಾಲದಲ್ಲಿ ಸೈಕಲ್ ಪಥಗಳು ಹೆಚ್ಚಿದ್ದು, 2020ರಲ್ಲಿ ರಿವೊಲಿ ರಸ್ತೆಯಲ್ಲಿ ಬಹುತೇಕ ಕಾರುಗಳನ್ನು ನಿಲ್ಲಿಸಿದ್ದು ಸಹ ಈ ಯೋಜನೆಗೆ ಬಲ ಕೊಟ್ಟವು. ಓಡಿಸಲು ರಸ್ತೆಯೇ ಇಲ್ಲದಿದ್ದರೆ ನಿಲ್ದಾಣ ಎಷ್ಟಿದ್ದರೇನು?

ಇದರ ಎದುರು ಚೀನಾವನ್ನು ಇಟ್ಟು ನೋಡಿ. ಅಲ್ಲಿ ಎರಡು ಮಾದರಿ ಕಾಣುತ್ತವೆ. ಹಾಂಗ್‌ಝೌ ನಗರದಲ್ಲಿ 2008ರಿಂದ ಸರ್ಕಾರಿ ಸಂಸ್ಥೆಯೇ ನಡೆಸಿತು. ಬಸ್ ಕಾರ್ಡಿನಿಂದಲೇ ಸೈಕಲ್ ತೆಗೆಯಬಹುದು, ಮೊದಲ ಗಂಟೆ ಪುಕ್ಕಟೆ. ಸದ್ದಿಲ್ಲದೆ ಬೆಳೆಯಿತು. ಇನ್ನೊಂದು ಓಫೊ, ಮೊಬೈಕ್ ಎಂಬ ಖಾಸಗಿ ಆ್ಯಪ್ ಕಂಪನಿಗಳ ಮಾದರಿ. ನಿಲ್ದಾಣವೇ ಬೇಡ, ಎಲ್ಲಿ ಬೇಕಾದರೂ ಬಿಟ್ಟು ಹೋಗಿ. ಹೂಡಿಕೆದಾರರ ಹಣ ಹೊಳೆಯಂತೆ ಹರಿಯಿತು, ಪೈಪೋಟಿಯಲ್ಲಿ ಬೀದಿ ತುಂಬ ಸೈಕಲ್ ಸುರಿದರು. ಬಾಡಿಗೆ ತೀರಾ ಕಡಿಮೆ, ಆದರೆ ಪ್ರತಿಯೊಬ್ಬರಿಂದ ಠೇವಣಿ ಇತ್ತು. ಓಫೊದ್ದು 199 ಯುವಾನ್ ತನಕ ಹೋಗಿತ್ತು. 2018ರ ಕೊನೆಗೆ ಓಫೊ ಕುಸಿದಾಗ, ಠೇವಣಿ ವಾಪಸ್ ಕೇಳಿ ಆನ್‌ಲೈನ್ ಸರದಿಯಲ್ಲಿ ನಿಂತವರು ಒಂದು ಕೋಟಿ ದಾಟಿದರು. ಸೈಕಲ್‌ಗಳು ಬೆಟ್ಟದಂತೆ ರಾಶಿ ಬಿದ್ದ ಚಿತ್ರಗಳನ್ನು ನೀವೂ ನೋಡಿರಬಹುದು. ಜನ ಸೈಕಲ್ ತುಳಿಯಲಿಲ್ಲ ಅಂತಲ್ಲ, ಬಹಳ ತುಳಿದರು. ಆದರೂ ಸವಾರಿಯ ದುಡ್ಡಿನಿಂದ ಖರ್ಚು ಹುಟ್ಟಲಿಲ್ಲ. ಉತ್ತರದಲ್ಲಿ ಈ ಎರಡನ್ನು ಬೇರೆ ಬೇರೆಯಾಗಿ ಬರೆಯಿರಿ: ಬಳಕೆ ಒಂದು, ಹಣಕಾಸು ಇನ್ನೊಂದು.

ನಮ್ಮ ಕಡೆ? ಮೈಸೂರಿನ ಟ್ರಿಣ್ ಟ್ರಿಣ್ 2017ರ ಜೂನ್‌ನಲ್ಲಿ ಶುರುವಾಯಿತು. 450 ಸೈಕಲ್, 48 ನಿಲ್ದಾಣ. ಪಾಲಿಕೆ ಇತ್ತು, ಕಾರ್ಡ್ ಇತ್ತು, ನಿಲ್ದಾಣಗಳೂ ಇದ್ದವು, ಮಾದರಿ ಸರಿಯಾದದ್ದೇ. ಆದರೆ ಮೇಲಿನ ಅಳತೆಗೋಲು ಹಿಡಿದು ನೋಡಿ. ಚದರ ಕಿ.ಮೀ.ಗೆ 10ರಂತೆ ಹಾಕಿದರೆ 48 ನಿಲ್ದಾಣ ಐದು ಚದರ ಕಿ.ಮೀ.ಗೂ ಸಾಲುವುದಿಲ್ಲ. ಮೈಸೂರು ನೂರು ಚದರ ಕಿ.ಮೀ. ದಾಟಿದ ಊರು. ಅಷ್ಟು ಕಡೆ ಹರಡಿದ ಮೇಲೆ ಅದು ದಿನನಿತ್ಯದ ಸಾರಿಗೆ ಆಗುವುದು ಕಷ್ಟ. ನನ್ನ ಮಟ್ಟಿಗೆ ಅರಮನೆ, ಮಾರುಕಟ್ಟೆ, ರೈಲು ನಿಲ್ದಾಣದ ಸುತ್ತಲೇ ಎಲ್ಲವನ್ನೂ ಒತ್ತಾಗಿ ಇಟ್ಟು ಶುರು ಮಾಡಬೇಕಿತ್ತು. ಆದರೆ ನಮ್ಮ ವಾರ್ಡಿಗೆ ಯಾಕಿಲ್ಲ ಅಂತ ಕೇಳುವವರಿಗೆ ಪಾಲಿಕೆ ಏನು ಹೇಳಬೇಕು, ಅದೂ ನಿಜವಾದ ಕಷ್ಟವೇ.

ಬೆಂಗಳೂರಿನ ದಾರಿ ಬೇರೆ. 2017ರಲ್ಲಿ ಬಂದ, ಕಾರು ಬಾಡಿಗೆ ಕಂಪನಿ ಜೂಮ್‌ಕಾರ್‌ನ ಪೆಡಲ್ ಎಂಬ ಸೈಕಲ್ ಯೋಜನೆ ಹೆಚ್ಚು ಕಾಲ ನಿಲ್ಲಲಿಲ್ಲ. ಯುಲು ಎಂಬ ಇನ್ನೊಂದು ಕಂಪನಿ ತುಳಿಯುವ ಸೈಕಲ್ಲಿನಿಂದ ಶುರು ಮಾಡಿ, 2019ರಿಂದ ವಿದ್ಯುತ್ ವಾಹನದ ಕಡೆ ಹೊರಳಿತು. ಗಂಟೆಗೆ 25 ಕಿ.ಮೀ. ಒಳಗಿನ ವೇಗ, ಆದ್ದರಿಂದ ಲೈಸೆನ್ಸ್ ಬೇಡ. ಈಗ ಊಟ, ದಿನಸಿ ತಲುಪಿಸುವ ಹುಡುಗರು ಅದರ ದೊಡ್ಡ ಗಿರಾಕಿಗಳು. ಇದು ಯಶಸ್ಸೇ? ವ್ಯಾಪಾರವಾಗಿ ನೋಡಿದರೆ ಹೌದು ಅನ್ನಬಹುದು. ಮೆಟ್ರೋ ಇಳಿದವರು ಆಟೋ ಬಿಟ್ಟು ಸೈಕಲ್ ಹತ್ತಬೇಕು ಎಂಬ ಗುರಿ ಇಟ್ಟುಕೊಂಡು ನೋಡಿದರೆ, ಅದು ಅರ್ಧಕ್ಕೇ ನಿಂತಿದೆ.

ಅಭ್ಯಾಸಕ್ಕೆ ಒಂದು ಲೆಕ್ಕ. ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದ ಸುತ್ತ 4 ಚದರ ಕಿ.ಮೀ. ತೆಗೆದುಕೊಳ್ಳಿ. ಕನಿಷ್ಠ 40 ನಿಲ್ದಾಣ ಬೇಕು. ಸೈಕಲ್ 400 ಇಡೋಣ. ಅದೇ ಐಟಿಡಿಪಿ ಮಾರ್ಗದರ್ಶಿ ಹೇಳುವಂತೆ ಒಂದು ಸೈಕಲ್ಲಿಗೆ ಎರಡರಿಂದ ಎರಡೂವರೆ ಡಾಕ್ (ಸೈಕಲ್ ಸಿಕ್ಕಿಸಿ ನಿಲ್ಲಿಸುವ ಜಾಗ) ಬೇಕು, ಅಂದರೆ ನಿಲ್ದಾಣಕ್ಕೆ 20ರಿಂದ 25. ದಿನಕ್ಕೆ ಒಂದು ಸೈಕಲ್ 4ರಿಂದ 8 ಸಲ ಓಡಬೇಕು, ಹಾಗಾಗಿ ಕನಿಷ್ಠ 1,600 ಸವಾರಿ. ಒಂದು ಸವಾರಿಗೆ 5 ರೂಪಾಯಿ ಇಟ್ಟರೆ ದಿನಕ್ಕೆ 8,000 ರೂಪಾಯಿ. ಅದರಲ್ಲಿ ಲಾರಿ, ಮೆಕ್ಯಾನಿಕ್, ಕರೆಂಟ್, ಕಳುವು ಎಲ್ಲ ನಿಭಾಯಿಸಬಹುದೇ ನೋಡಿ, ಆಗದಿದ್ದರೆ ಮಿಕ್ಕದ್ದು ಯಾರ ಜೇಬಿನಿಂದ ಅಂತ ಬರೆಯಿರಿ. ಪ್ಯಾರಿಸ್‌ನಲ್ಲಿ ಎಷ್ಟೋ ನಿಲ್ದಾಣಗಳು ರಸ್ತೆ ಬದಿಯ ಕಾರ್ ಪಾರ್ಕಿಂಗ್ ತೆಗೆದ ಜಾಗದಲ್ಲಿ ಬಂದವು. ನಿಮ್ಮ ನಕ್ಷೆಯಲ್ಲೂ 40 ಜಾಗ ಗುರುತು ಮಾಡಿ, ಪಕ್ಕದಲ್ಲೇ ಯಾವ ಅಂಗಡಿಯವರು ಮೊದಲು ಜಗಳಕ್ಕೆ ಬರುತ್ತಾರೆ ಅಂತಲೂ ಬರೆದಿಡಿ.